ಕೊನೆಯ ಮನೆ ದಾಟಿದ ಮೇಲೆ

2015ರ ಚಳಿ ಶುರುವಾಗುವ ಹೊತ್ತಿಗೆ ನಾನೊಂದು ಸುಳ್ಳು ಹೇಳಿ ಕೆಲಸ ಹಿಡಿದೆ. ಫೋನಿನ ಆ ಕಡೆ ಇದ್ದ ಹೆಂಗಸು ಮಾರ್ಕಮ್‌ನ ಒಂದು ಕಂಪೆನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವಳು. ಅವಳ ತಂದೆಗೆ ಎಂಬತ್ತೊಂದು ವರ್ಷ. ವಾನ್ ನಗರದ ಥಾರ್ನ್‌ಹಿಲ್ ಭಾಗದಲ್ಲಿ ಒಬ್ಬರೇ ಇದ್ದರು. ಎರಡೂ ಕಣ್ಣಿನ ನಡುಭಾಗದ ದೃಷ್ಟಿ ಹೋಗಿ, ಅಂಚಿನಲ್ಲಷ್ಟೇ ಮಸುಕು ಮಸುಕಾಗಿ ಕಾಣುತ್ತಿತ್ತು. ವಾರಕ್ಕೆ ಮೂರು ದಿನ ಹೋಗಿ ಪತ್ರಗಳನ್ನು ಓದಿ ಹೇಳಬೇಕು, ಔಷಧ, ಸಾಮಾನು ತಂದುಕೊಡಬೇಕು. ಎರಡು ವಾರಕ್ಕೊಮ್ಮೆ ಗುರುವಾರ ಅವರನ್ನು ಕಾರಿನಲ್ಲಿ ಉತ್ತರಕ್ಕೆ ಕರೆದುಕೊಂಡು ಹೋಗಬೇಕು. ಬ್ಯಾರಿ ಎಂಬ ಪಟ್ಟಣದಿಂದಾಚೆ ಸರೋವರದ ದಡದಲ್ಲಿ ಒಂದು ಸಣ್ಣ ಊರು, ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನಲ್ಲಿ ಅವರ ತಮ್ಮ ಇದ್ದಾನೆ.

"ಹೈವೇ ಮೇಲೆ ಓಡಿಸಿ ಅಭ್ಯಾಸ ಇದೆ ತಾನೆ?" ಎಂದು ಅವಳು ಕೇಳಿದಳು.

"ಧಾರಾಳ ಉಂಟು," ಅಂದೆ.

ಲೈಸೆನ್ಸು ಪರೀಕ್ಷೆಯ ದಿನ, ಪಕ್ಕದಲ್ಲಿ ಪರೀಕ್ಷಕನನ್ನು ಕೂರಿಸಿಕೊಂಡು, ಐದು ನಿಮಿಷ ಹೈವೇ ಮೇಲೆ ಓಡಿಸಿದ್ದೆ. ಅದೂ ಎರಡನೆಯ ಸಲದ ಪರೀಕ್ಷೆ. ಆಮೇಲೆ ನಾವಿದ್ದ ಮಾಲ್ಟನ್‌ನಿಂದ ಎಲ್ಲಿಗೆ ಹೋಗುವುದಿದ್ದರೂ ಸಿಗ್ನಲ್ಲು ಸಿಗ್ನಲ್ಲಿಗೂ ನಿಲ್ಲುವ ರಸ್ತೆಗಳನ್ನೇ ಹುಡುಕಿಕೊಂಡು ಹೋಗುತ್ತಿದ್ದೆ. ಊರಿನಲ್ಲಿ, ಪುತ್ತೂರಿನ ಹತ್ತಿರದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದ ನನಗೆ ವಲಸೆ ಬಂದ ಈ ದೇಶದಲ್ಲಿ ಶಾಲೆಯ ಕೆಲಸ ಸಿಕ್ಕಿರಲಿಲ್ಲ. ಒಂದು ವರ್ಷ ಕಾಫಿ ಅಂಗಡಿಯಲ್ಲಿ ನಿಂತು ಕಾಲು ಬಾತುಹೋಗಿತ್ತು. ಈ ಕೆಲಸ ಬಿಡುವ ಮನಸ್ಸಿರಲಿಲ್ಲ.

ನಾವು ಮನೆಯಲ್ಲಿ ತುಳು ಮಾತಾಡುವವರು. ಸಂಜೆ ಯಜಮಾನರಿಗೆ ವಿಷಯ ಹೇಳಿದಾಗ ಅವರು ಮೊದಲು ನಕ್ಕದ್ದು ಪಟ್ಟಣದ ಹೆಸರಿಗೆ. ನಮ್ಮೂರಿನಲ್ಲಿ ಮೀನಂಗಡಿಯಿಂದ ಹಿಡಿದು ಬಟ್ಟೆ ಅಂಗಡಿಯವರೆಗೆ ಬ್ಯಾರಿಗಳದ್ದೇ, ಅಂದರೆ ಕರಾವಳಿಯ ಮುಸ್ಲಿಮರದ್ದೇ, ನೆರೆಕರೆ. "ಬ್ಯಾರಿಗೆ ಹೋಗುದಾ? ಹಾಗಾದರೆ ಬರುವಾಗ ಒಳ್ಳೆ ಬಂಗುಡೆ ತಾ," ಅಂದರು. ಆಮೇಲೆ ಮುಖ ಸಣ್ಣ ಮಾಡಿಕೊಂಡು, "ನಾನೂರನೇ ಹೈವೇ ಅಲ್ವಾ ಅದು? ನಿನ್ನಿಂದ ಆಗ್ತದಾ?" ಎಂದು ಕೇಳಿದರು. ಆಗ್ತದೆ ಅಂದೆ. ಅದು ಎರಡನೆಯ ಸುಳ್ಳು.

ಕೆಲಸಕ್ಕೆ ಹೋದ ಮೊದಲ ದಿನ ಆ ಹಿರಿಯರು ತಮ್ಮನ್ನು ಹೆಸರು ಹಿಡಿದು ಕರೆಯಲು ಹೇಳಿದರು. ಎಂಬತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಅವರು ಯಹೂದಿ ಮಕ್ಕಳ ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಹೀಬ್ರೂ ಮತ್ತು ಧರ್ಮಶಾಸ್ತ್ರ ಕಲಿಸಿದವರೆಂದು ತಿಳಿದ ಮೇಲೆ, "ನಮ್ಮಲ್ಲಿ ಕಲಿಸುವವರಿಗೆ ಮಾಸ್ಟ್ರು ಅಂತೇವೆ," ಅಂದೆ. ಒಂದೆರಡು ಸಲ ತಾವೇ ಹೇಳಿ ನೋಡಿಕೊಂಡರು. ಇಷ್ಟವಾಯಿತು. ಅಂದಿನಿಂದ ಅವರು ಮಾಸ್ಟ್ರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆದರೆ ನನ್ನ ನೆನಪಿನಲ್ಲಿ ಅವರು ಮಾತಾಡುವುದು ಕನ್ನಡದಲ್ಲೇ.

ಮೊದಲ ಗುರುವಾರ ಮುಂದಿನ ಸೀಟಿನಲ್ಲಿ ಕುಳಿತು, ಟೊಪ್ಪಿ ಸರಿಮಾಡಿಕೊಂಡು, ಬೆಲ್ಟು ಹಾಕಿಸಿಕೊಂಡರು. "ಒಂದು ಸಹಾಯ ಮಾಡಬೇಕು," ಅಂದರು. "ಊರಿನ ಕೊನೆಯ ಮನೆ ದಾಟಿದ ಕೂಡಲೇ ಹೇಳಿ. ಪ್ರಯಾಣದ ಪ್ರಾರ್ಥನೆ ಹೇಳಬೇಕು. ಊರೊಳಗೆ ಹೇಳುವಂತಿಲ್ಲ. ಮೊದಲಾದರೆ ನಾನೇ ನೋಡಿಕೊಳ್ಳುತ್ತಿದ್ದೆ."

ಸರಿ ಅಂದೆ. ಕಾರನ್ನು ಹೈವೇ ಕಡೆಗೆ ತಿರುಗಿಸಲಿಲ್ಲ. ಯಂಗ್ ಸ್ಟ್ರೀಟ್ ಹಿಡಿದೆ. ಅದೂ ಉತ್ತರಕ್ಕೇ ಹೋಗುವ ಹಳೆಯ ರಸ್ತೆ. ಹಿಂದಿನ ದಿನ ಇಡೀ ಮ್ಯಾಪಿನಲ್ಲಿ ನೋಡಿ ಇಟ್ಟುಕೊಂಡಿದ್ದೆ. ಅವರಿಗೆ ಕಣ್ಣು ಕಾಣುವುದಿಲ್ಲ, ಗೊತ್ತಾಗಲಿಕ್ಕಿಲ್ಲ ಎಂದು ನನ್ನ ಲೆಕ್ಕಾಚಾರ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹತ್ತು ನಿಮಿಷವಾಯಿತು. "ಮನೆ ಮುಗಿಯಿತಾ?"

"ಇಲ್ಲ, ಮಾಸ್ಟ್ರೇ. ಅಂಗಡಿಗಳು ಉಂಟು."

ಇನ್ನೂ ಹತ್ತು ನಿಮಿಷ. ರಿಚ್‌ಮಂಡ್ ಹಿಲ್‌ನ ಮನೆಗಳು. ಮಧ್ಯೆ ಒಂದೆರಡು ಕಡೆ ಮರಗಳು ಬಂದವೋ ಏನೋ, ಪಕ್ಕದ ಬಸ್ಸನ್ನು ನೋಡುವ ಗಾಬರಿಯಲ್ಲಿ ನಾನು ಗಮನಿಸಲಿಲ್ಲ. ಮತ್ತೆ ಮನೆಗಳು, ಅರೋರಾ, ನ್ಯೂಮಾರ್ಕೆಟ್. ಪ್ರತಿ ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೂ ಅವರು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಏಳನೆಯದೋ ಎಂಟನೆಯದೋ ಕೆಂಪು ದೀಪಕ್ಕೆ ಶಾಂತವಾಗಿ ಅಂದರು, "ನಾನೂರನೇ ಹೈವೇಯಲ್ಲಿ ಸಿಗ್ನಲ್ ಯಾವಾಗ ಹಾಕಿದರು?"

ಹಸಿರು ಬಂತು, ಹೊರಟೆ.

ನ್ಯೂಮಾರ್ಕೆಟ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಎರಡೂ ಬದಿ ಹೊಲ ಬಂತು. ರಸ್ತೆ ಬದಿಯಲ್ಲಿ ಯಾರೋ ರೈತರು ಕಿತ್ತಳೆ ಬಣ್ಣದ ಕುಂಬಳಕಾಯಿ ಗುಡ್ಡೆ ಹಾಕಿ ಮಾರುತ್ತಿದ್ದರು. "ಮನೆ ಮುಗಿಯಿತು," ಅಂದೆ. ನಿಲ್ಲಿಸಲು ಸಾಧ್ಯವೇ ಎಂದು ಕೇಳಿದರು. ನಿಲ್ಲಿಸಿದೆ. ಇಳಿದು, ಕಾರಿಗೆ ಒಂದು ಕೈ ಊರಿ, ಕುಂಬಳಕಾಯಿಗಳ ನಡುವೆ ನಿಂತು ಬಾಯಿಪಾಠವಾಗಿ ಹೇಳಿದರು. ಅರ್ಧ ನಿಮಿಷವೂ ಆಗಲಿಲ್ಲ. ಮತ್ತೆ ಕುಳಿತು ಬೆಲ್ಟು ಹಾಕಿಸಿಕೊಂಡ ಮೇಲೆ ನನ್ನ ಕಡೆ ಮುಖ ಮಾಡಿದರು.

"ಹೈವೇ ಅಂದರೆ ಹೆದರಿಕೆಯಾ?"

ಹೌದು ಅಂದೆ. ಐದು ನಿಮಿಷದ ಕಥೆ ಪೂರ್ತಿ ಹೇಳಿಬಿಟ್ಟೆ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿದ್ದೆ.

"ನನ್ನ ಮಗಳಿಗೆ ಸುಳ್ಳು ಹೇಳಿದ್ದು ತಪ್ಪು. ಅದನ್ನು ನೀವೇ ಅವಳಿಗೆ ಹೇಳಿ ಸರಿಮಾಡಿಕೊಳ್ಳಿ," ಅಂದರು. "ಹೆದರಿಕೆ ಮಾತ್ರ ತಪ್ಪಲ್ಲ. ದಾರಿಯಲ್ಲಿ ಅಪಾಯ ಇಲ್ಲ ಅಂತಿದ್ದರೆ ನಮ್ಮ ಹಿರಿಯರು ಈ ಪ್ರಾರ್ಥನೆ ಕಟ್ಟುತ್ತಲೇ ಇರಲಿಲ್ಲ. ಎಲ್ಲಿ ಹೇಳಬೇಕು, ಎಷ್ಟು ದೂರಕ್ಕೆ ಹೇಳಬೇಕು, ದಿನಕ್ಕೆ ಎಷ್ಟು ಸಲ ಹೇಳಬೇಕು ಅಂತ ಇಷ್ಟೆಲ್ಲ ಚರ್ಚೆ ಮಾಡಿದವರು ಹೆದರಿಕೆ ಇಲ್ಲದವರು ಅಂತ ಅಂದುಕೊಂಡಿರಾ?"

ಆ ಸಂಜೆಯೇ ಅವರ ಮಗಳಿಗೆ ಫೋನು ಮಾಡಿದೆ. ಅವಳಿಗೆ ಸಿಟ್ಟು ಬಂತು, ಬರಬೇಕಾದ್ದೇ. ಹೈವೇ ಅಭ್ಯಾಸ ಮಾಡಿಕೊಂಡರೆ ಮಾತ್ರ ಕೆಲಸ ಅಂದಳು. ಮುಂದಿನ ಎರಡು ಭಾನುವಾರ ಯಜಮಾನರು ನನ್ನನ್ನು ನಾನೂರನೇ ಹೈವೇಗೆ ಕರೆದುಕೊಂಡು ಹೋಗಿ, ಬಲಬದಿಯ ಲೇನಿನಲ್ಲಿ ಲಾರಿಗಳ ಹಿಂದೆ ಹಿಂದೆ ಓಡಿಸಿ ಅಭ್ಯಾಸ ಮಾಡಿಸಿದರು. "ಕನ್ನಡಿ ನೋಡು, ಕನ್ನಡಿ ನೋಡು ಮಾರಾಯ್ತಿ," ಎಂದು ಅವರು ಕೂಗಿದ್ದು ಎಷ್ಟು ಸಲವೋ. ಹಿಂದೆ ಕುಳಿತ ನಮ್ಮ ಮಗಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, "ಅಮ್ಮ, ಯು ಆರ್ ಡೂಯಿಂಗ್ ಫೈನ್," ಅಂದಳು. ಮೂರನೆಯ ವಾರ ಮಾಸ್ಟ್ರನ್ನು ಕೂರಿಸಿಕೊಂಡು ಹೈವೇಯಲ್ಲೇ ಹೋದೆ. ಇಡೀ ದಾರಿ ಬಲಬದಿಯ ಲೇನು ಬಿಡಲಿಲ್ಲ. ಆದರೂ ಹೋದೆ.

ಹೈವೇಯಲ್ಲಿ ಬದಿಗೆ ನಿಲ್ಲಿಸುವುದು ಅಪಾಯ. ಹಾಗಾಗಿ ಅವರು ಕುಳಿತೇ ಹೇಳುತ್ತಿದ್ದರು, ಅದಕ್ಕೆ ಶಾಸ್ತ್ರದಲ್ಲಿ ಅನುಮತಿ ಇತ್ತು. ಹೋಗುತ್ತಾ ಹೋಗುತ್ತಾ ನಿಯಮಗಳನ್ನು ಕಲಿಸಿದರು. ಗಣಿತದವಳಾದ ನನಗೆ ಅದು ರುಚಿಸಿತು. ಕೊನೆಯ ಮನೆಯಾದ ಮೇಲೆ ಎಪ್ಪತ್ತು ಮೊಳಕ್ಕಿಂತ ಸ್ವಲ್ಪ ಹೆಚ್ಚು ಜಾಗ ಖಾಲಿ ಇದ್ದರೆ ಊರು ಮುಗಿದ ಹಾಗೆ. ಅಷ್ಟರೊಳಗೆ ಇನ್ನೊಂದು ಮನೆ ಬಂದರೆ ಊರು ಮುಂದುವರಿಯುತ್ತದೆ.

"ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ ತಾನೆ?" ಎಂದು ಕೇಳಿದೆ. "ನಮ್ಮಲ್ಲಿ ಈಗಲೂ ಹೂವು ಮಾರುವವರು ಮೊಳ ಹಾಕಿಯೇ ಕೊಡುದು."

ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಆ ಮನೆಯ ಲೆಕ್ಕವನ್ನೇ ಮರೆತರು. ತಮ್ಮ ಕೈ ಚಾಚಿ ತೋರಿಸಿ, "ಇದೇ, ಇದೇ," ಅಂದರು. ಆ ದಿನ ಹೂವು ಮಾರುವವರ ಬಗ್ಗೆಯೇ ಹತ್ತು ಕಿಲೋಮೀಟರು ಮಾತಾಡಿದೆವು.

ಪ್ರಾರ್ಥನೆ ಹೇಳಬೇಕಾದರೆ ಪ್ರಯಾಣ ಕಡಿಮೆಯೆಂದರೆ ನಾಲ್ಕು ಕಿಲೋಮೀಟರಾದರೂ ಇರಬೇಕು. ನಮ್ಮ ಹರದಾರಿಯಂಥ ಒಂದು ಹಳೆಯ ಅಳತೆ ಅದು. ದೂರವಲ್ಲ, ಹೊತ್ತು ಮುಖ್ಯ, ಎಪ್ಪತ್ತೆರಡು ನಿಮಿಷದ ಪ್ರಯಾಣವಾದರೆ ಮಾತ್ರ ಹೇಳಬೇಕು ಎನ್ನುವ ಪಂಡಿತರೂ ಇದ್ದಾರೆ. ಊರು ಬಿಟ್ಟ ಮೊದಲ ಹರದಾರಿಯೊಳಗೆ ಹೇಳುವುದು ಉತ್ತಮ. ಮರೆತರೆ ಆಮೇಲೂ ಹೇಳಬಹುದು, ಆದರೆ ತಲುಪಲು ಒಂದು ಹರದಾರಿಯೂ ಉಳಿದಿಲ್ಲವಾದರೆ ದೇವರ ಹೆಸರೆತ್ತುವ ಕೊನೆಯ ಆಶೀರ್ವಚನವನ್ನು ಬಿಡಬೇಕು. ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು. ಒಬ್ಬರೇ ಹೋಗುತ್ತಿದ್ದರೂ 'ನನ್ನನ್ನು' ಅನ್ನುವಂತಿಲ್ಲ, 'ನಮ್ಮನ್ನು' ಅನ್ನಬೇಕು. ಶಾಂತಿಯಿಂದ ಕರೆದುಕೊಂಡು ಹೋಗು, ಶತ್ರುಗಳಿಂದ, ಕಳ್ಳರಿಂದ, ಹೊಂಚು ಹಾಕುವವರಿಂದ, ಕಾಡುಮೃಗಗಳಿಂದ ಕಾಪಾಡು, ಶಾಂತಿಯಿಂದ ಮನೆಗೆ ಮರಳಿಸು ಎಂಬುದು ಅದರ ಸಾರ.

"ಮರಳುವುದೂ ಅದರಲ್ಲೇ ಬಂತಲ್ಲ, ಹಾಗಾದರೆ ವಾಪಸು ಬರುವಾಗ?"

"ಅದೇ ದಿನ ವಾಪಸಾದರೆ ಮತ್ತೆ ಹೇಳಬೇಕಾಗಿಲ್ಲ. ಹೋಗುವಾಗಲೇ ಬರುವುದನ್ನೂ ಕೇಳಿಕೊಂಡಾಗಿದೆ."

ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗ್ತೇನೆ' ಅನ್ನುವುದಿಲ್ಲ, 'ಹೋಗಿ ಬರ್ತೇನೆ' ಅನ್ನುತ್ತಾರೆ ಎಂದು ಹೇಳಿದೆ. ಎರಡು ಸಲ ಹೇಳಿಸಿ ಕಲಿತುಕೊಂಡರು. 'ಬರ್ತೇನೆ' ಎನ್ನುವಾಗ ಅವರ ಗಂಟಲಿನಲ್ಲಿ ರಕಾರ ಉರುಳುತ್ತಿತ್ತು.

ತೊಂದರೆ ಕೊಟ್ಟದ್ದು ವಾನ್. ಅಲ್ಲಿ ತಿಂಗಳಿಗೊಂದು ಹೊಸ ಬಡಾವಣೆ ಏಳುತ್ತಿತ್ತು. ಹಿಂದಿನ ಸಲ ಹೊಲವಿದ್ದಲ್ಲಿ ಈ ಸಲ ಮರದ ಚೌಕಟ್ಟುಗಳು, ಮುಂದಿನ ಸಲ ಕಿಟಕಿಗೆ ಪರದೆ. ಅದಲ್ಲದೆ ಹೈವೇ ಉದ್ದಕ್ಕೂ ದೊಡ್ಡ ದೊಡ್ಡ ವೇರ್‌ಹೌಸುಗಳು. ಅವು ಲೆಕ್ಕಕ್ಕೆ ಬರುತ್ತವೆಯೇ ಎಂದು ನಾನು ಕೇಳಿದ್ದಕ್ಕೆ, "ಯಾರಾದರೂ ವಾಸ ಇದ್ದರೆ ಮಾತ್ರ. ಕಾವಲುಗಾರನಿಗೆ ಉಳಿಯಲು ಒಂದು ಕೋಣೆ ಇದ್ದರೂ ಅದು ಮನೆಯೇ," ಅಂದರು.

"ನಮ್ಮ ಯಜಮಾನರು ಅಂಥದ್ದೇ ಒಂದರಲ್ಲಿ ಕೆಲಸ ಮಾಡುದು. ಊಟದ ಬ್ರೇಕಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ನಿದ್ದೆ ಹೊಡೀತಾರಂತೆ."

ಮಾಸ್ಟ್ರು ಗಂಭೀರವಾಗಿ ಯೋಚಿಸಿದರು. "ನಿದ್ದೆ ಸಾಲದು. ವಾಸ ಆಗಬೇಕು," ಅಂದರು. ಆಮೇಲೆ ಬ್ಯಾರಿ ಬರುವವರೆಗೂ ಆಗಾಗ ಒಬ್ಬರೇ ನಗುತ್ತಿದ್ದರು.

ತಮ್ಮನ ವಿಷಯ ನನಗೆ ತಿಳಿದದ್ದು ನಿಧಾನಕ್ಕೆ. ಅಣ್ಣನಿಗಿಂತ ಐದು ವರ್ಷ ಚಿಕ್ಕವನು. ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು. ದೇವರು ದಿಂಡರ ಗೊಡವೆ ಬಿಟ್ಟು ಬಹಳ ವರ್ಷವಾಗಿತ್ತು. ಯಹೂದಿಯಲ್ಲದ ಹುಡುಗಿಯನ್ನು ಮದುವೆಯಾದಾಗ ಅಣ್ಣ ಮದುವೆಗೆ ಹೋಗಲಿಲ್ಲ. ಅಲ್ಲಿಂದ ಮೂವತ್ತಕ್ಕೂ ಹೆಚ್ಚು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಆ ಹೆಂಡತಿ ತೀರಿಕೊಂಡು, ಸಕ್ಕರೆ ಕಾಯಿಲೆಯಿಂದ ತಮ್ಮನ ಒಂದು ಕಾಲು ಮೊಣಕಾಲಿನ ಕೆಳಗೆ ತೆಗೆದ ಸುದ್ದಿ ಯಾರಿಂದಲೋ ಬಂದ ಮೇಲೆ ಮಾಸ್ಟ್ರು ಮೊದಲ ಸಲ ಹೋದದ್ದು.

"ಅವಳ ಕೈಯ ಒಂದು ಲೋಟ ನೀರು ಕುಡಿಯಲಿಲ್ಲ ನಾನು," ಎಂದು ಒಮ್ಮೆ ಕಾರಿನಲ್ಲಿ ಹೇಳಿದರು. "ಅವಳು ಒಳ್ಳೆಯವಳಿದ್ದಳಂತೆ. ನನಗೆ ಹೇಳಿದ್ದು ಅಲ್ಲಿನ ನರ್ಸ್."

ಆ ಕೋಣೆಯಲ್ಲಿ ಅವರು ಕಳೆಯುತ್ತಿದ್ದ ಎರಡು ಗಂಟೆ ನೋಡಲು ಕಷ್ಟವಾಗುತ್ತಿತ್ತು. ಟಿವಿಯಲ್ಲಿ ಹಳೆಯ ಹಾಕಿ ಆಟ. ಕಣ್ಣು ಕಾಣದ ಅಣ್ಣ ಒಂದು ಕುರ್ಚಿಯಲ್ಲಿ, ತಮ್ಮ ಗಾಲಿಕುರ್ಚಿಯಲ್ಲಿ. "ಏನು, ಹೈವೇ ಮೇಲೆ ಬರ್ತಿದ್ದೇನೆ ಅಂತ ಮೇಲಿನವನಿಗೆ ತಿಳಿಸಿ ಬಂದೆಯಾ?" ಎಂದು ತಮ್ಮ ಕೆಣಕುತ್ತಿದ್ದ. "ತಿಳಿಸಿದೆ," ಎಂದು ಇವರು. ಅಷ್ಟೇ ಮಾತು. ಆದರೂ ಹೊರಡುವ ಹೊತ್ತಿಗೆ ಗಡಿಯಾರ ನೋಡುತ್ತಿದ್ದವನು ತಮ್ಮನೇ. "ಇಷ್ಟು ಬೇಗ ಹೊರಟಿರಾ?" ಎಂದು ಕೇಳುತ್ತಿದ್ದದ್ದು ಅಣ್ಣನನ್ನಲ್ಲ, ನನ್ನನ್ನು.

ಎರಡನೆಯ ಚಳಿಗಾಲದ ಒಂದು ಗುರುವಾರ ವಾಪಸು ಬರುವಾಗ ಬ್ಯಾರಿಯ ಹತ್ತಿರ ಹಿಮದ ಗೋಡೆಯೇ ಎದುರು ಬಂತು. ಮಧ್ಯಾಹ್ನ ಎರಡು ಗಂಟೆ. ಮುಂದಿನ ಲಾರಿಯ ದೀಪ ಕಾಣಿಸಲಿಲ್ಲ, ನನ್ನದೇ ಕಾರಿನ ಮೂತಿಯೂ ಕಾಣಿಸಲಿಲ್ಲ. ಹೇಗೋ ಹೈವೇಯಿಂದ ಹೊರಬೀಳುವ ಮುಂದಿನ ದಾರಿ ಹಿಡಿದು ಒಂದು ಮೋಟೆಲಿನ ಅಂಗಳ ಸೇರಿದೆ. ಹೈವೇ ಮುಚ್ಚಿದ್ದಾರೆ ಎಂದು ರೇಡಿಯೋದಲ್ಲಿ ಹೇಳಿದರು. ನಾಳೆ ಬೆಳಗಿನವರೆಗೆ ತೆರೆಯಲಿಕ್ಕಿಲ್ಲವೆಂದು ಕೌಂಟರಿನವಳು ಹೇಳಿದಳು. ಎರಡು ಕೋಣೆ ಹಿಡಿದೆವು. ಮನೆಗೆ ಫೋನು ಮಾಡಿ ಬರುವುದಿಲ್ಲವೆಂದು ತಿಳಿಸಿಯಾಯಿತು.

ಕೆಳಗಿನ ಹಾಲಿನಲ್ಲಿ ಕುಳಿತು, "ಮಾಸ್ಟ್ರೇ, ಆ ಪ್ರಾರ್ಥನೆ ಒಮ್ಮೆ ನಿಧಾನ ಹೇಳಿ," ಅಂದೆ. ಬ್ಯಾಗಿನಲ್ಲಿದ್ದ ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಕೇಳಿದ ಹಾಗೆ, ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಗಂಟಲಿನ ಆಳದಿಂದ ಬರುವ ಒಂದು ಸದ್ದಿಗೆ ನಮ್ಮಲ್ಲಿ ಅಕ್ಷರವಿಲ್ಲ. ಖ ಬರೆದು ಕೆಳಗೊಂದು ಚುಕ್ಕೆ ಇಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಒಂದೂವರೆ ಗಂಟೆಯಲ್ಲಿ ಬಿಸಿಲು ಬಂತು. ನಿಜವಾಗಿಯೂ ಬಿಸಿಲು. ಹೈವೇ ತೆರೆಯಿತು. ಕೌಂಟರಿನವಳು ಪಾಪ, ಕೋಣೆಯ ಕೀಲಿ ವಾಪಸು ತೆಗೆದುಕೊಂಡಳು.

ಕಾರು ಹತ್ತಿದ ಮೇಲೆ ಮಾಸ್ಟ್ರು ಕೇಳಿದರು, "ಇಲ್ಲಿಯೇ ಉಳಿಯುವುದು ಅಂತ ನಾವು ಗಟ್ಟಿ ನಿರ್ಧಾರ ಮಾಡಿದ್ದೆವಾ, ಇಲ್ಲ ಸುಮ್ಮನೆ ಕಾಯುತ್ತಿದ್ದೆವಾ?"

"ಗಟ್ಟಿಯೇ. ಮನೆಗೆ ಫೋನು ಮಾಡಿ ಹೇಳಿದ್ದೇನಲ್ಲ."

"ಹಾಗಾದರೆ ಇದು ಹೊಸ ಪ್ರಯಾಣ. ಮತ್ತೊಮ್ಮೆ ಹೇಳಬೇಕು." ಬ್ಯಾರಿಯ ಮನೆಗಳು ಮುಗಿದದ್ದನ್ನು ನಾನು ತಿಳಿಸಿದೆ. ಅವರು ಹೇಳಿದರು. ಆ ದಿನ ನಾನೂ ಮನಸ್ಸಿನಲ್ಲೇ ಅವರ ಹಿಂದೆ ಹಿಂದೆ ಹೋದೆ. ಹಿಮದ ಬೆಳಕಿನಲ್ಲಿ ರಸ್ತೆ ಹೊಳೆಯುತ್ತಿತ್ತು. ಮೊದಲ ಸಲ ನಡುವಿನ ಲೇನಿಗೆ ಹೋಗಿ ಒಂದು ಲಾರಿಯನ್ನು ಹಿಂದೆ ಹಾಕಿದೆ.

2017ರ ಕೊನೆಗೆ ಮಾಸ್ಟ್ರಿಗೆ ಸಣ್ಣ ಪಾರ್ಶ್ವವಾಯು ಆಯಿತು. ಬೆಳಿಗ್ಗೆ ನಾನು ಹೋದಾಗ ಬಲಗೈ ಏಳದೆ, ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿಯಲು ಹೆಣಗುತ್ತಿದ್ದರು. ಆಂಬುಲೆನ್ಸು ಬೇಗ ಬಂತು. ಕೈಕಾಲು ತಿಂಗಳೊಳಗೆ ಸುಮಾರಾಗಿ ಸರಿಹೋಯಿತು. ಶಬ್ದಗಳು ಮಾತ್ರ ಕೈಕೊಡುತ್ತಿದ್ದವು. ಚಮಚ ಬೇಕೆಂದರೆ 'ಕೀಲಿ' ಅನ್ನುತ್ತಿದ್ದರು, ತಪ್ಪಿತೆಂದು ತಮಗೇ ಗೊತ್ತಾಗಿ ತುಟಿ ಕಚ್ಚಿಕೊಳ್ಳುತ್ತಿದ್ದರು. ನಾಲ್ಕು ತಿಂಗಳು ಉತ್ತರಕ್ಕೆ ಹೋಗಲಾಗಲಿಲ್ಲ.

ಒಂದು ಗುರುವಾರ ನನ್ನ ಫೋನು ಬಡಿಯಿತು. ತಮ್ಮ. ನಂಬರು ನರ್ಸಿಂದ ಪಡೆದಿದ್ದ.

"ಆ ಮುದುಕ ಬದುಕಿದ್ದಾನಾ?"

"ಇದ್ದಾರೆ. ನಿಮ್ಮ ಹತ್ತಿರ ಬರಲಿಕ್ಕೆ ಆಗ್ತಾ ಇಲ್ಲ, ಅಷ್ಟೇ."

ಅವನು ಟಿವಿಯ ಸದ್ದು ಕಡಿಮೆ ಮಾಡಿದ. ಆಮೇಲೆ ಕೇಳಿದ, "ಅವನ ಮನೆ ಹತ್ತಿರ ಒಂದು ನರ್ಸಿಂಗ್ ಹೋಮ್ ಇದೆ ಅಂತ ಹೋದ ವರ್ಷ ಫಾರ್ಮ್ ತಂದಿದ್ದ. ನಾನು ಕಸಕ್ಕೆ ಹಾಕಿದೆ. ಇನ್ನೊಂದು ಸಿಗುತ್ತದಾ?"

ನಾನೇ ತಂದು, ನಾನೇ ತುಂಬಿಸಿ, ಅವನ ಸಹಿ ಹಾಕಿಸಿದೆ. ಅದಕ್ಕಾಗಿ ಒಬ್ಬಳೇ ನೂರಿಪ್ಪತ್ತು ಕಿಲೋಮೀಟರು ಹೋಗಿ ಬಂದೆ. ಆ ದಿನ ನನಗೆ ಹೈವೇಯ ಹೆದರಿಕೆ ನೆನಪೇ ಆಗಲಿಲ್ಲವೆಂದು ಮನೆಗೆ ಬಂದು ಅನ್ನಕ್ಕೆ ಇಡುವಾಗ ಹೊಳೆಯಿತು.

ವಸಂತದಲ್ಲಿ ಮಾಸ್ಟ್ರನ್ನು ಮತ್ತೆ ಕರೆದುಕೊಂಡು ಹೋಗಲು ಡಾಕ್ಟರು ಒಪ್ಪಿದರು. ಕೊನೆಯ ಮನೆ ದಾಟಿತು ಅಂದೆ. ಅವರು ಶುರು ಮಾಡಿದರು, ಅರ್ಧಕ್ಕೆ ಬಂದು ನಿಂತರು. ಮತ್ತೆ ಮೊದಲಿಂದ ಶುರು ಮಾಡಿ ಅಲ್ಲೇ ನಿಂತರು. ಕೈ ತೊಡೆಯ ಮೇಲೆ ಏನನ್ನೋ ಹುಡುಕುವ ಹಾಗೆ ಓಡಾಡಿತು. ರಸ್ತೆಯಿಂದ ಕಣ್ಣು ತೆಗೆಯದೆ ನಾನು ಮುಂದಿನ ಶಬ್ದ ಹೇಳಿದೆ. ಬರೆದುಕೊಂಡದ್ದು ಅಷ್ಟರಲ್ಲಿ ನನಗೂ ಬಾಯಿಪಾಠವಾಗಿತ್ತು.

ಅವರು ಆ ಶಬ್ದವನ್ನು ಹೇಳಿದರು. ಅದರ ಮುಂದಿನದನ್ನು ನಾನು, ಅವರು, ಮತ್ತೆ ನಾನು, ಅವರು. ಹೀಗೆ ಮುಗಿಯಿತು.

"ನಾನು ಹೇಳಿಕೊಟ್ಟರೆ ಆಗ್ತದಾ?" ಎಂದು ಅಂಜುತ್ತಲೇ ಕೇಳಿದೆ. "ನಾನು ನಿಮ್ಮವಳಲ್ಲವಲ್ಲ."

"ನೀವು ನನ್ನ ಪರವಾಗಿ ಹೇಳಿಬಿಟ್ಟರೆ ಆಗುವುದಿಲ್ಲ. ನೆನಪಿಸಿದರೆ, ಹೇಳಿದ್ದು ನಾನೇ. ಪುಸ್ತಕ ನೋಡಿ ಓದುವುದಿಲ್ಲವಾ, ಹಾಗೆ."

ನರ್ಸಿಂಗ್ ಹೋಮಿನ ಅಂಗಳದಲ್ಲಿ ನೋಟ್‌ಬುಕ್ ಕೇಳಿದರು. ಪುಟವನ್ನು ಕಿವಿಯ ಹತ್ತಿರ ಓರೆಯಾಗಿ ಹಿಡಿದರು, ಕಣ್ಣಂಚಿನಲ್ಲಿ ಕಾಣುವುದು ಹಾಗೆಯೇ. "ಎಷ್ಟು ಗುಂಡಗಿವೆ," ಅಂದರು. "ಇದರಲ್ಲಿ ಒಂದು ಮೂಲೆಯೂ ಇಲ್ಲವಲ್ಲ." ಆಮೇಲೆ ಅದನ್ನು ಬಹಳ ಹೊತ್ತು ಕೊಡಲಿಲ್ಲ.

ವಾಪಸಾಗುವಾಗ, "ನಾನು ಹೇಳಿದೆನಾ?" ಎಂದು ಎರಡು ಸಲ ಕೇಳಿದರು. ಹೇಳಿದಿರಿ ಅಂದೆ. ಹೇಳಿದೆನೋ ಇಲ್ಲವೋ ಎಂಬ ಸಂಶಯ ಬಂದರೆ ಆಶೀರ್ವಚನವನ್ನು ಮತ್ತೆ ಹೇಳಬಾರದು, ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಿದ ಹಾಗಾಗುತ್ತದೆ. "ನೀವಿದ್ದೀರಲ್ಲ, ಹಾಗಾಗಿ ನನಗೆ ಸಂಶಯವಿಲ್ಲ," ಅಂದರು.

ಆ ಬೇಸಿಗೆಯಲ್ಲೇ ಥಾರ್ನ್‌ಹಿಲ್‌ನಲ್ಲಿ ಜಾಗ ಖಾಲಿಯಾಯಿತು. ರೋಗಿಗಳ ವ್ಯಾನು ಕಳಿಸುತ್ತೇವೆಂದರೆ ತಮ್ಮ ಒಪ್ಪಲಿಲ್ಲ. "ಮಲಗಿಸಿಕೊಂಡು ಹೋಗಲು ನಾನು ಹೆಣವಲ್ಲ. ಆ ಹೆಂಗಸಿನ ಕಾರಿನಲ್ಲಿ ಬರುತ್ತೇನೆ," ಅಂದನಂತೆ. ಅವನನ್ನು ಹೊರಡಿಸಲು ನಾನೂ ಮಾಸ್ಟ್ರೂ ಹಿಂದಿನ ದಿನವೇ ಹೋಗಿ ಆ ಊರಿನಲ್ಲೇ ರಾತ್ರಿ ಉಳಿದಿದ್ದೆವು, ಹಾಗಾಗಿ ವಾಪಸು ಬರುವಾಗಲೂ ಪ್ರಾರ್ಥನೆ ಇತ್ತು. ಬೆಳಿಗ್ಗೆ ಗಾಲಿಕುರ್ಚಿ ಮಡಚಿ ಡಿಕ್ಕಿಯಲ್ಲಿಟ್ಟೆ. ಅವನು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕುಳಿತ. ಅವನ ಮೊಣಕಾಲ ಬಳಿ ಎರಡು ಚೀಲ ಬಟ್ಟೆ, ಮಡಿಲಲ್ಲಿ ಹೆಂಡತಿಯ ಫೋಟೋ. ಸರೋವರದ ದಡದ ದೋಣಿ ಕಾರ್ಖಾನೆಯ ಮುಂದಿನಿಂದ ಹೋಗಬೇಕೆಂದು ಹಟ ಮಾಡಿದ. ಹೋದೆವು. ಅವನು ಕಿಟಕಿ ಇಳಿಸಿ ನೋಡಿದ.

ಆ ಊರು ಚಿಕ್ಕದು. ಒಂದು ಪೆಟ್ರೋಲ್ ಬಂಕು, ನೀಲಿ ಬಾಗಿಲಿನ ಒಂದು ಮನೆ, ಅಷ್ಟಕ್ಕೆ ಮುಗಿಯುತ್ತದೆ. "ಮುಗಿಯಿತು, ಮಾಸ್ಟ್ರೇ."

ಅವರು ಶುರು ಮಾಡಿದರು. ಚೆನ್ನಾಗಿಯೇ ಬಂತು, ಶತ್ರುಗಳವರೆಗೆ ಬಂತು, ಕಾಡುಮೃಗಗಳ ಹತ್ತಿರ ನಿಂತಿತು. ನಾನು ಬಾಯಿ ತೆರೆದೆ.

ಹಿಂದಿನ ಸೀಟಿನಿಂದ ಆ ಶಬ್ದ ಬಂತು. ಒರಟಾದ, ಬೇಸರಪಟ್ಟುಕೊಂಡಂಥ ಧ್ವನಿ. ಆದರೆ ಉಚ್ಚಾರ ನನ್ನದರ ಹಾಗಲ್ಲ, ಅಣ್ಣನದರ ಹಾಗೆಯೇ.

ನಾನು ಬಾಯಿ ಮುಚ್ಚಿಕೊಂಡೆ. ಮಾಸ್ಟ್ರು ಆ ಶಬ್ದವನ್ನು ಹಿಡಿದು ಮುಂದೆ ಹೋದರು. ಇನ್ನೊಮ್ಮೆ ತಡವರಿಸಿದರು. ಮತ್ತೆ ಹಿಂದಿನಿಂದ ಬಂತು. ಕೊನೆಯ ಆಶೀರ್ವಚನವನ್ನು ಅವರೊಬ್ಬರೇ, ಗಟ್ಟಿಯಾಗಿ, ತಪ್ಪಿಲ್ಲದೆ ಹೇಳಿದರು. ಒಂದು ಕ್ಷಣ ಬಿಟ್ಟು, "ಆಮೆನ್," ಅಂದ ತಮ್ಮ.

ಮಾಸ್ಟ್ರು ಸೀಟಿನಲ್ಲಿ ತಿರುಗಲು ಹೋದರು. ಬೆಲ್ಟು ಬಿಡಲಿಲ್ಲ.

"ಈ ಕಡೆ ನೋಡಬೇಡ. ನೋಡಿದರೂ ನಿನಗೆ ಕಾಣುವುದಿಲ್ಲ," ಅಂದ ತಮ್ಮ.

"ನಿನಗೆ ಇದನ್ನು ಯಾರು ಕಲಿಸಿದರು?"

"ಇನ್ಯಾರು? ನೀನೇ. ಮಾಂಟ್ರಿಯಲ್‌ಗೆ ಹೋಗುವ ರೈಲಿನಲ್ಲಿ. ನನಗೆ ಆರು ವರ್ಷ. ಅಮ್ಮ ಮಲಗಿದ್ದಳು. ತಪ್ಪಿಲ್ಲದೆ ಹೇಳುವವರೆಗೂ ಕಿಟಕಿ ಪಕ್ಕದ ಜಾಗ ಬಿಟ್ಟುಕೊಡಲಿಲ್ಲ ನೀನು."

"ಬಿಟ್ಟುಕೊಟ್ಟೆನಾ, ಆಮೇಲೆ?"

"ಇಳಿಯುವ ಸ್ಟೇಷನ್ ಬಂದ ಮೇಲೆ."

ಮಾಸ್ಟ್ರು ನಕ್ಕರು, ನಗುತ್ತಾ ನಗುತ್ತಾ ಕರವಸ್ತ್ರ ಹುಡುಕಿದರು. ನಾನು ಎಡಗೈಯಿಂದ ಟಿಶ್ಯೂ ಪೆಟ್ಟಿಗೆ ತಳ್ಳಿದೆ. ಆಮೇಲೆ, ಹೊಲಾಂಡ್ ಮಾರ್ಷ್‌ನ ಕಪ್ಪು ಮಣ್ಣಿನ ಗದ್ದೆಗಳ ಹತ್ತಿರ ಬಂದಾಗ, ಅವರು ಮುಂದೆ ನೋಡಿಕೊಂಡೇ ಹೇಳಿದರು, "ನಿನ್ನ ಮದುವೆಗೆ ನಾನು ಬರಬೇಕಿತ್ತು."

ಕನ್ನಡಿಯಲ್ಲಿ ನೋಡಿದೆ. ತಮ್ಮ ತನ್ನ ಹೆಂಡತಿಯ ಫೋಟೋವನ್ನು ಮುಂದಿನ ಎರಡು ಸೀಟುಗಳ ನಡುವಿನಿಂದ ಚಾಚಿ ಹಿಡಿದಿದ್ದ. "ಇವಳ ಕೂದಲು ಕೆಂಪು ಇತ್ತು," ಅಂದ. "ತಗೋ. ಓರೆ ಹಿಡಿದರೆ ಕಾಣುತ್ತದೆ ಅಂತಾಳೆ ಕಾರು ಓಡಿಸುತ್ತಿರುವ ಈಕೆ." ಮಾಸ್ಟ್ರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿವಿಯ ಬಳಿ ಹಿಡಿದು, ವಾನ್‌ನ ಮನೆಗಳು ಶುರುವಾಗುವವರೆಗೂ ನೋಡಿದರು.

ಆಮೇಲಿನ ಗುರುವಾರಗಳು ಬೇರೆಯಾದವು. ಅಣ್ಣನ ಮನೆಯಿಂದ ತಮ್ಮನಲ್ಲಿಗೆ ಮೂರು ಕಿಲೋಮೀಟರು, ಉದ್ದಕ್ಕೂ ಮನೆಗೆ ತಾಗಿ ಮನೆ. ಯಾವ ಲೆಕ್ಕದಲ್ಲಿ ನೋಡಿದರೂ ಅದು ಪ್ರಯಾಣವಲ್ಲ ಎಂದು ಮಾಸ್ಟ್ರು ಖುಷಿಯಿಂದ ಹೇಳುತ್ತಿದ್ದರು. ದಿನ ಬಿಟ್ಟು ದಿನ ಹೋಗುತ್ತಿದ್ದರು. ಇಬ್ಬರೂ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಜಗಳವಾಡುತ್ತಿದ್ದರು. ಹಾಕಿ ಆಟವನ್ನು ತಮ್ಮನೇ ಬಾಯಲ್ಲಿ ವರ್ಣಿಸುತ್ತಿದ್ದ, ಅಣ್ಣ ನಡುವೆ ನಡುವೆ ತಪ್ಪು ಪ್ರಶ್ನೆ ಕೇಳುತ್ತಿದ್ದರು. ಮಾಸ್ಟ್ರಿಗೆ ಮರೆತ ಶಬ್ದಗಳಲ್ಲಿ ಕೆಲವು ತಮ್ಮನ ಹತ್ತಿರ ಸಿಗುತ್ತಿದ್ದವು.

2019ರ ಬೇಸಿಗೆಯಲ್ಲಿ ನಾನು ಅಂಗವಿಕಲರನ್ನು ಕರೆದೊಯ್ಯುವ ವ್ಯಾನಿನ ಚಾಲಕಿಯ ಕೆಲಸಕ್ಕೆ ಅರ್ಜಿ ಹಾಕಿದೆ. ಹೈವೇ ಅನುಭವವಿದೆಯೇ ಎಂದು ಕೇಳಿದರು. ಈ ಸಲ ನಿಜವನ್ನೇ ಹೇಳಿದೆ. ಕೆಲಸ ಸಿಕ್ಕಿತು. ವಾರಕ್ಕೆ ಒಂದು ದಿನ ಮಾತ್ರ ಮಾಸ್ಟ್ರಿಗೆಂದು ಉಳಿಸಿಕೊಂಡೆ.

ಅಂಥ ಒಂದು ದಿನ ಮಧ್ಯಾಹ್ನ ನರ್ಸಿಂಗ್ ಹೋಮಿನ ಪಾರ್ಕಿಂಗಿನಲ್ಲಿ ನನ್ನ ಕಾರು ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ಕಿಗೆ ಫೋನು ಮಾಡುತ್ತೇನೆ ಅಂದರೆ ತಮ್ಮನಿಗೆ ಕೆಂಡದಂಥ ಸಿಟ್ಟು. ಗಾಲಿಕುರ್ಚಿ ತಳ್ಳಿಸಿಕೊಂಡು ಹೊರಗೆ ಬಂದ, ಬಾನೆಟ್ ಎತ್ತಿಸಿದ, ಕಿವಿಗೊಟ್ಟು ಕೇಳಿದ, ಕೈ ಹಾಕಿ ತಂತಿ ಅಲ್ಲಾಡಿಸಿ ನೋಡಿದ. ಬ್ಯಾಟರಿಯ ತಂತಿ ಸಡಿಲವಂತೆ. ಅಡುಗೆಮನೆಯಿಂದ ಯಾರೋ ತಂದುಕೊಟ್ಟ ಸ್ಪ್ಯಾನರು ಹಿಡಿದು ಅವನು ಹೇಳಿದ ಹಾಗೆ ತಿರುಗಿಸುತ್ತಿದ್ದವಳು ನಾನು. ಮಾಸ್ಟ್ರು ಟಾರ್ಚು ಹಿಡಿದಿದ್ದರು, ಹಾಡುಹಗಲಿನಲ್ಲಿ, ಅದೂ ಎಂಜಿನ್ನಿನ ಬದಲು ನನ್ನ ಮುಖಕ್ಕೆ.

"ಕೆಳಗೆ ಹಿಡಿ, ಕೆಳಗೆ!" ಎಂದು ತಮ್ಮ ಕಿರುಚಿದ.

"ಯಾವುದು ಕೆಳಗೆ ಅಂತ ನೀನು ಹೇಳಿದರೆ ತಾನೆ!"

ಕೀಲಿ ತಿರುಗಿಸಿದೆ. ಎಂಜಿನ್ನು ಒಮ್ಮೆ ಕೆಮ್ಮಿ ಶುರುವಾಯಿತು. ಕಿಟಕಿಗಳಲ್ಲಿ ನಿಂತು ನೋಡುತ್ತಿದ್ದ ಮೂರು ನಾಲ್ಕು ಮುದುಕಿಯರು ಚಪ್ಪಾಳೆ ತಟ್ಟಿದರು. ತಮ್ಮ ತನ್ನ ಗ್ರೀಸು ಮೆತ್ತಿದ ಬೆರಳನ್ನು ಅಣ್ಣನ ಬಿಳಿ ಅಂಗಿಯ ತೋಳಿಗೆ ಒರೆಸಿದ. ಮಾಸ್ಟ್ರಿಗೆ 'ಗ್ರೀಸು' ಎಂಬ ಶಬ್ದ ಸಿಗಲಿಲ್ಲ. ಸಿಟ್ಟಿನಲ್ಲಿ 'ಬೆಣ್ಣೆ' ಎಂದು ಕೂಗಿದರು. ನಾವು ಮೂವರೂ ಆ ಬಿಸಿಲಿನಲ್ಲಿ ನಕ್ಕೆವು.